ಕಾರಣದ ಸಾಲು

"ಕಾರಣ ಹೇಳಿ," ಎಂದ ಟೈಪಿಸ್ಟ್, ಹಾಳೆಯನ್ನು ಯಂತ್ರದೊಳಗೆ ಸುತ್ತಿ ಸರಿಮಾಡುತ್ತ.

"ಹೆಸರು ಹಿಡಿಸಲ್ಲ. ಅಷ್ಟೇ ಹಾಕಿ."

"ಹಾಗೆಲ್ಲ ಆಗಲ್ಲಮ್ಮ. ಇದು ಪ್ರಮಾಣಪತ್ರ. ಮೊದಲು ಹಳೇ ಹೆಸರು, ಕೊನೆಗೆ ಹೊಸ ಹೆಸರು, ನಡುವೆ ಕಾರಣ. ಅದೂ ನಿಜವಾದ ಕಾರಣ."

ಕೋರ್ಟಿನ ವರಾಂಡದಲ್ಲಿ ಅವನೆದುರು ಕೂತಿದ್ದವಳು ಆಸ್ಪತ್ರೆಯ ಹೊಸ ಮೇಟ್ರನ್. ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ಸಿಸ್ಟರ್ ಆಗಿದ್ದು, ಹೋದ ವಾರ ಮೇಲೇರಿದ್ದಳು. ಹೊಸ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕ ಬೇಕಲ್ಲ, ಹೆಸರು ಬರೆದುಕೊಡಿ ಎಂದಿದ್ದ ಕೆತ್ತುವವನು. ಅಲ್ಲಿಂದ ಮತ್ತೆ ಶುರುವಾಯಿತು ಅವಳ ಹಳೇ ಸಂಕಟ. ಅವಳ ಹೆಸರು 'ಸಾಕು'.

ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುತ್ತ "ಸಾಕು" ಎಂದರೆ, ಹಿಂದಿನ ಬೆಂಚಿನವರು ಪುಸ್ತಕ ಮುಚ್ಚಿ ಎದ್ದು ನಿಲ್ಲುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಡಾಕ್ಟರು ಅವಳನ್ನು ಕರೆದಾಗ, ಪಕ್ಕದಲ್ಲಿ ಬಟ್ಟಲಿಗೆ ಔಷಧಿ ಸುರಿಯುತ್ತಿದ್ದ ಇನ್ನೊಬ್ಬ ನರ್ಸ್ ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದಳು. ಎಲ್ಲರೂ ನಕ್ಕರು, ಇವಳೂ ಹಲ್ಲು ಬಿಟ್ಟಳು. ಒಳಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಈಗ ಕೈಯಲ್ಲೊಂದು ಚೀಟಿಯಿತ್ತು. ಸೊಸೆ ಆರಿಸಿಕೊಟ್ಟ ಹೆಸರು, ಬೆಳಗಿನ ಬೆಳಕು ಎಂದು ಅರ್ಥ ಬರುವಂಥದ್ದು.

"ನಾಲ್ಕನೇ ಹೆಣ್ಣು ನಾನು," ಎಂದಳು ಕೊನೆಗೆ, ದನಿ ತಗ್ಗಿಸಿ. "ಅಪ್ಪ ರೋಸಿಹೋಗಿ ಇಟ್ಟಿದ್ದು. ಹೆಣ್ಣು ಹುಟ್ಟಿದ್ದು ಸಾಕಪ್ಪಾ ಸಾಕು ಅಂತ. ಬರ್ಕೊಳ್ಳಿ."

ಟೈಪಿಸ್ಟ್ ಬರೆದುಕೊಳ್ಳಲಿಲ್ಲ. "ಅಪ್ಪ ಹಾಗಂತ ಹೇಳಿದ್ರಾ?"

"ಹೇಳೋದೇನು ಬಂತು? ಊರಿಗೆಲ್ಲ ಗೊತ್ತು."

"ಊರಿನ ಬಾಯಿಗೆ ಪ್ರಮಾಣ ಮಾಡಿಸೋಕಾಗಲ್ಲಮ್ಮ." ಇಪ್ಪತ್ತಾರು ವರ್ಷ ಆ ಮೇಜಿನ ಹಿಂದೆ ಕೂತು ಜನರ ಹೆಸರುಗಳನ್ನೇ ಕುಟ್ಟಿದವನು ಅವನು, ಮಾತಿಗೆ ಸಿಕ್ಕರೆ ಬಿಡುವವನಲ್ಲ. "ಕಡಲಾಚೆಯವನೊಬ್ಬ ಇದೇ ಕುರ್ಚಿಯಲ್ಲಿ ಕೂತಿದ್ದ. ಅವರ ಭಾಷೆಯಲ್ಲಿ ಅವನ ಹೆಸರಿಗೆ 'ಕಸ' ಅಂತ ಅರ್ಥ! ಮುಂಚಿನ ಮಕ್ಕಳು ಉಳೀಲಿಲ್ಲ, ಇವನನ್ನಾದ್ರೂ ಸಾವು ಮೂಸಿ ನೋಡಿ ಬಿಟ್ಟುಹೋಗಲಿ ಅಂತ ಅಜ್ಜಿ ಇಟ್ಟಿದ್ದಂತೆ. ಇನ್ನೊಬ್ಬಾಕೆಗೆ ಹುಟ್ಟಿದ ದಿನ ಯಾವ ವಾರವೋ ಅದೇ ಹೆಸರು, ಅವರ ಕಡೆ ಎಲ್ಲರಿಗೂ ಹಾಗೇ. ಹೆಸರು ನೋಡಿ ಕಾರಣ ಹೇಳೋಕಾಗಲ್ಲ. ಅದು ಇಟ್ಟವರ ಹೊಟ್ಟೆಯಲ್ಲಿರುತ್ತೆ. ಮನೇಲಿ ಹಿರಿಯರಿದ್ರೆ ಒಂದು ಮಾತು ಕೇಳಿಬಿಡಿ."

ಅವಳಿಗೆ ರೇಗಿತು. ಆದರೂ ಮೊಬೈಲು ತೆಗೆದಳು. ಹದಿನಾಲ್ಕು ವರ್ಷ ದೊಡ್ಡವಳಾದ ಅಕ್ಕ ಒಬ್ಬಳೇ ಈಗ ಉಳಿದವಳು. ಕಿವಿ ಮಂದವಾದ ಮೇಲೆ ಫೋನಿನಲ್ಲಿ ಕೂಗಿಯೇ ಮಾತಾಡುವವಳು. ಸ್ಪೀಕರು ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ಹಾಕಿದಳು.

"ಅಕ್ಕಾ, ನನಗೆ ಈ ಹೆಸರು ಇಟ್ಟಿದ್ದು ಅಪ್ಪ ತಾನೇ?"

"ಅಪ್ಪನಾ? ಅಮ್ಮನ್ನ ಕೇಳದೆ ಅವರು ಬೆಕ್ಕಿಗೂ ಹೆಸರಿಟ್ಟವರಲ್ಲ. ಅಮ್ಮ ಇಟ್ಟಿದ್ದು. ಯಾಕೆ, ಈಗೇನು ಬಂತು?"

"ಹಾಗಾದ್ರೆ ಹೆಣ್ಣು ಸಾಕು ಅಂತ ಅಮ್ಮನೇ..."

"ಬಿಡ್ತು ಅನ್ನು!" ಅಕ್ಕ ಗದರಿದಳು. "ಏಳು ತಿಂಗಳಿಗೇ ಹುಟ್ಟಿದ್ದೆ ಕಣೇ ನೀನು. ಅಂಗೈಯಷ್ಟು ಇದ್ದೆ. ನಿನ್ನ ಹಿಂದಿನವು ಎರಡೂ ಉಳಿದಿರಲಿಲ್ಲ. ನಿನ್ನನ್ನ ಹತ್ತಿಯಲ್ಲಿ ಸುತ್ತಿ, ಎದೆ ಮೇಲೆ ಹಾಕ್ಕೊಂಡು, ಅಮ್ಮ ಒಂದೂವರೆ ತಿಂಗಳು ಗೋಡೆಗೆ ಒರಗಿಕೊಂಡೇ ಕಳೆದ್ರು. ಯಾರು ಬಂದು ಮಾತಾಡಿಸಿದ್ರೂ ಒಂದೇ ಮಾತು. ಇದೊಂದು ಉಳಿದ್ರೆ ಸಾಕು, ಇದೊಂದು ಉಳಿದ್ರೆ ಸಾಕು. ಹೆಸರೇನು ಬರೆಸಲಿ ಅಂತ ಅಪ್ಪ ಕೇಳಿದಾಗಲೂ ಬಾಯಿಗೆ ಅದೇ ಬಂತು."

"ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳ್ದೆ? ಗೊತ್ತಿದೆ ಅಂದ್ಕೊಂಡಿದ್ದೆ. ನನಗೆ ನೋಡು, ಯಾವುದೋ ದೂರದ ಅತ್ತೆ ಹೆಸರಿಟ್ಟು ಕೈ ತೊಳ್ಕೊಂಡ್ರು."

ಮೇಟ್ರನ್ ಕೈಯಲ್ಲಿದ್ದ ಚೀಟಿ ನೋಡಿದಳು. ವಾರ್ಡಿನ ಗಾಜಿಗೆ ಹಣೆ ಒತ್ತಿ ನಿಂತ ಎಷ್ಟು ತಾಯಂದಿರು ಅವಳ ಕೈ ಹಿಡಿದು ಇದೇ ಮಾತು ಹೇಳಿರಲಿಲ್ಲ! ಇದೊಂದು ಉಳಿದ್ರೆ ಸಾಕು ಸಿಸ್ಟರ್. ಅವರ ಬೆನ್ನು ಸವರಿ, ಉಳಿಯುತ್ತೆ ಕಣಮ್ಮ ಎಂದು ಧೈರ್ಯ ಹೇಳಿ, ಕೂಸಿನ ತೂಕ ನೋಡಲು ಒಳಗೆ ಹೋಗುತ್ತಿದ್ದಳು. ಆ ಮಾತಿನಲ್ಲಿ ಒಂದು ದಿನವೂ ಅವಳಿಗೆ ತನ್ನ ಹೆಸರು ಕೇಳಿಸಿರಲಿಲ್ಲ.

ಟೈಪಿಸ್ಟ್ ಕನ್ನಡಕ ತೆಗೆದು, ಸ್ವಚ್ಛವಾಗಿದ್ದುದನ್ನೇ ಮತ್ತೆ ಒರೆಸಿದ. ಅವಳು ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಈ ಹೆಸರನ್ನ ಮೊಮ್ಮಗಳು ಹುಟ್ಟಿದ್ರೆ ಇಡಲಿ. ನಿಮ್ಮದೊಂದು ಹಾಳೆ ದಂಡ ಆಯ್ತು."

"ದಂಡ ಯಾಕಾಗುತ್ತೆ, ಹಿಂದುಗಡೆ ಖಾಲಿ ಇದೆಯಲ್ಲ," ಎಂದು ಅವನು ಹಾಳೆಯನ್ನು ಹೊರಗೆಳೆದ.

"ಫೋನು ಇಡ್ಲೇನೇ?" ಎಂದು ಕೂಗಿದಳು ಅಕ್ಕ.

"ಇಡ್ಬೇಡ, ತಡಿ." ಅಮ್ಮ ಹೋದಾಗ ಅವಳಿಗಿನ್ನೂ ಮೂರು ತುಂಬಿರಲಿಲ್ಲ. "ಅಮ್ಮನ ದನಿ ನನಗೆ ನೆನಪಿಲ್ಲ ಅಕ್ಕ. ನನ್ನನ್ನ ಹೇಗೆ ಕರೀತಿದ್ರು? ಒಂದ್ಸಲ ಕರಿ."

ಆ ಕಡೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ, ಎಪ್ಪತ್ತು ದಾಟಿದ ಅಕ್ಕನದಲ್ಲವೇ ಅಲ್ಲ ಎನ್ನುವಂಥ ಒಂದು ದನಿ, ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ಆಟದಲ್ಲಿ ಮೈಮರೆತ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಕರೆಯಿತು. ವರಾಂಡದಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಓ... ಬಂದೆ," ಎಂದಳು ಮೇಟ್ರನ್.