ಟ್ಯಾಂಕಿನ ಕಡೆಯಿಂದ

ಹುಟ್ಟಿದಾಗಲೇ ವಿನುತಾಳನ್ನು ಸೋದರತ್ತೆಯ ಮಗನಿಗೆ ಎಂದು ಮಾತಾಡಿಕೊಂಡಿದ್ದರು. "ಆ ಗುಮ್ಮನಗುಸುಕಿ ಜೊತೆ ಯಾರು ಸಂಸಾರ ಮಾಡ್ತಾರೆ?" ಎಂದು ಅವನು ನೆಂಟರೆದುರೇ ನಕ್ಕು ಬೇರೆ ಹುಡುಗಿಯನ್ನು ಒಪ್ಪಿದ. ಇಂದು ಅವನ ಮದುವೆ. ಅಪ್ಪನ ಒತ್ತಾಯಕ್ಕೆ ಅವಳೂ ಬಂದಿದ್ದಳು.

"ಮೇಡಂ, ಮಂಟಪ ಎಲ್ಲಿಂದ ಚೆನ್ನಾಗಿ ಕಾಣುತ್ತೆ?" ಡ್ರೋನ್ ಹಾರಿಸುವವನು ಕೇಳಿದ.

ಛತ್ರದ ನೀರಿನ ಟ್ಯಾಂಕಿನಡಿ ಹೆಜ್ಜೇನು ಕಟ್ಟಿದ್ದು ಅವನಿಗೆ ಕಂಡಿರಲಿಲ್ಲ.

"ಡ್ರೋನನ್ನ ಆ ಟ್ಯಾಂಕಿನ ಅಡಿಯಿಂದ ತನ್ನಿ," ಎಂದಳು ವಿನುತಾ. "ಆದಷ್ಟು ಹತ್ತಿರದಿಂದ."

ಅಂತರಪಟ ಹಿಡಿದಿದ್ದಾಗ, ಡ್ರೋನಿನ ಗಾಳಿಗೆ ಎದ್ದ ಹುಳುಗಳು ಚಪ್ಪರದೊಳಕ್ಕೆ ನುಗ್ಗಿದವು. ಮದುಮಗ ಪೇಟ ಬಿಸಾಕಿ ಓಡಿ, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ. ಮದುಮಗಳು ಹೊರಗಿನಿಂದ ಗಾಜು ಬಡಿದರೂ ತೆಗೆಯಲಿಲ್ಲ. ಊಟದ ಹಾಲಿನ ಕಿಟಕಿಯ ಹಿಂದೆ ನಿಂತು ವಿನುತಾ ಎಲ್ಲವನ್ನೂ ನೋಡಿದಳು.

ಹುಳುಗಳು ಚದುರಿದ ಮೇಲೆ, ಮುಖವೆಲ್ಲ ಊದಿಕೊಂಡಿದ್ದ ಮದುಮಗಳು ಬಾಸಿಂಗ ಕಿತ್ತಳು.

"ಈ ಹೇಡಿ ನನಗೆ ಬೇಡ. ನಡೀರಿ ಅಪ್ಪಾ, ಮನೆಗೆ ಹೋಗೋಣ."

ತಲೆ ತಗ್ಗಿಸಿ ನಿಂತ ಮದುಮಗನನ್ನು ನೋಡಿ ವಿನುತಾಳ ಹೊಟ್ಟೆ ತಣ್ಣಗಾಯಿತು.

ಅತ್ತ ಸೋದರತ್ತೆ ವಿನುತಾಳ ಅಪ್ಪನ ಕೈ ಹಿಡಿದುಕೊಂಡು ಅಳುತ್ತಿದ್ದಳು. "ಅಣ್ಣಾ, ಮುಹೂರ್ತ ಇನ್ನೂ ಮೀರಿಲ್ಲ. ನನ್ನ ಮರ್ಯಾದೆ ಉಳಿಸು."

"ಅಳಬೇಡ ಕಣೇ. ನಮ್ಮ ವಿನು ಇದಾಳಲ್ಲ," ಎಂದರು ಅಪ್ಪ.

ಅಮ್ಮ ರೇಷ್ಮೆ ಸೀರೆ ಹಿಡಿದು ಓಡಿ ಬಂದಳು.

"ಬೇಗ ಉಟ್ಕೊಳ್ಳೇ! ನಿನ್ನ ಪಾಲಿಗೆ ದೇವರೇ ಆ ಹುಳ ಕಳಿಸಿದ್ದು."