ಬಿಳಿ ಗೆರೆಯ ಆಚೆ

ಹೊಸದಾಗಿ ವರ್ಗವಾಗಿ ಬಂದಿದ್ದ ಬ್ರೇಕ್ ಇನ್ಸ್‌ಪೆಕ್ಟರ್ ರಸ್ತೆಯಂಚಿನ ಬಿಳಿ ಗೆರೆಯನ್ನು ಬೂಟಿನ ತುದಿಯಿಂದ ತೋರಿಸಿದರು.

“ಈ ಕಾರು ಓಡಿಸಲ್ಲ, ಮನೆ ಅಂಗಳದಲ್ಲೇ ನಿಂತಿರುತ್ತೆ ಅಂತ ಬರೆದುಕೊಟ್ಟು ಟ್ಯಾಕ್ಸ್ ಮಾಫಿ ಮಾಡಿಸ್ಕೊಂಡಿದ್ದೀರಿ. ಈಗ ನೋಡಿದ್ರೆ ಗೆರೆ ದಾಟಿ ರಸ್ತೇಲಿದೆ.”

“ಓಡಿಸಿಲ್ಲ ಸಾರ್. ಅಪ್ಪ ತೀರಿಕೊಂಡ ಮೇಲೆ ಇದರ ಕೀಲಿ ಮುಟ್ಟಿದವರೇ ಇಲ್ಲ.”

“ಹಾಗಾದ್ರೆ ತಾನೇ ನಡ್ಕೊಂಡು ಬಂತಾ?”

ಜೊತೆಗೆ ಬಂದಿದ್ದ ಲಾರಿಯವನು ನಗುತ್ತಾ ಬಂಪರಿಗೆ ಸರಪಳಿ ಬಿಗಿಯತೊಡಗಿದ. ಎಳೆದುಕೊಂಡು ಹೋದರೆ ಕಾರು ನೇರ ಗುಜರಿಗೆ. ಅಪ್ಪನದೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ಕಾರಿನ ಮಾಲೀಕ ಸರಪಳಿಯ ಹತ್ತಿರ ಹೋದ, ಮತ್ತೆ ಇನ್ಸ್‌ಪೆಕ್ಟರ ಹತ್ತಿರ ಬಂದ.

“ಒಂದು ನಿಮಿಷ ಕೇಳಿ ಸಾರ್. ಹೋದ ವಾರ...”

“ಹೋದ ವಾರದ ಪುರಾಣ ಬೇಡ. ಈಗ ಎಲ್ಲಿದೆ ಹೇಳ್ರಿ. ಅಂಗಳದಲ್ಲೋ, ರಸ್ತೆಯಲ್ಲೋ?”

“ರಸ್ತೆಯಲ್ಲೇ ಸಾರ್, ಆದ್ರೆ...”

“ಮುಗೀತಲ್ಲ. ಎಳಿಯಪ್ಪಾ.”

ಅಷ್ಟರಲ್ಲಿ ಮಾಲೀಕನ ತಾಯಿ ಕೈಯಲ್ಲಿ ತಂಬಿಗೆ ಹಿಡಿದು, ಬಾಯಲ್ಲಿ ಸ್ತೋತ್ರ ಹೇಳಿಕೊಳ್ಳುತ್ತಾ, ಒಡೆದುಬಿದ್ದ ಕಾಂಪೌಂಡಿನ ಕಲ್ಲುಗಳನ್ನು ದಾಟಿ ಬಂದರು. ಯಾರನ್ನೂ ಮಾತಾಡಿಸದೆ ಕಾರಿನ ಆಚೆ ಬದಿಗೆ ಹೋದರು. ಅಲ್ಲಿ ಹೊಸ ಡಾಂಬರಿನ ನಡುವೆ ನಿಂತಿದ್ದ ತುಳಸಿಗೆ ನೀರೆರೆದರು, ಮೂರು ಸುತ್ತು ಬಂದರು, ಕೈಮುಗಿದರು. ಸ್ತೋತ್ರ ಪೂರ್ತಿ ಮುಗಿದ ಮೇಲೆಯೇ ಇನ್ಸ್‌ಪೆಕ್ಟರ ಕಡೆ ತಿರುಗಿದರು.

“ಕಾರನ್ನ ನನ್ ಮಗನೇ ರಸ್ತೆಗೆ ತಂದ ಅಂತಿಟ್ಕೋಪ್ಪಾ. ಈ ತುಳಸಿಕಟ್ಟೇನ ಯಾರು ಓಡಿಸ್ಕೊಂಡು ಬಂದ್ರು?”