ಡಬ್ಬಿ ಮೇಲಿನ ಅಂಬೂಬಾಯಿ

ಮಗಳ ಅಡುಗೆಮನೆಯಲ್ಲಿದ್ದ ತತ್ತಿ ಡಬ್ಬಿಯ ಮೇಲೆ ಅಂಬೂಬಾಯಿ ತನ್ನ ಮುಖವನ್ನೇ ಕಂಡಳು. ಕಂಕುಳಲ್ಲಿ ಅವಳ ಕೆಂಪು ಕೋಳಿ, ಹಿಂದೆ ಅವಳೂರು ಚಿಂತಾಕಿಯ ಮನೆ ಹಿತ್ತಲು. ಕೆಳಗೆ ದಪ್ಪಕ್ಷರ: ‘ಬಯಲಲ್ಲಿ ಮೇಯ್ದ ಜವಾರಿ ಕೋಳಿ ತತ್ತಿ’.

“ಮೈಲೂರದಾಗ ಎಲ್ಲಾ ಕಡಿ ಸಿಗ್ತಾವ ಅವ್ವ,” ಅಂದಳು ಮಗಳು ಭಕ್ತಿ. “ನಿಂದೇ ತತ್ತಿ ಅಂತ ಕೂಸಿಗಿ ದಿನಾ ಇದನ್ನೇ ಕೊಡ್ತೇನಿ.”

ಅಂಬೂಬಾಯಿ ಡಬ್ಬಿ ತೆರೆದು ನೋಡಿದಳು. ಅಚ್ಚಿನಲ್ಲಿ ಎರಕ ಹೊಯ್ದಂತೆ ಎಲ್ಲವೂ ಒಂದೇ ಅಳತೆ. ಸುಗ್ಗಿಯಲ್ಲಿ ಆಶೀಷ ಎಂಬ ವ್ಯಾಪಾರಿ ಊರಿಗೆ ಬಂದು, ತತ್ತಿ ಕೊಳ್ಳುತ್ತೇನೆಂದು ಹೇಳಿ ಅವಳ ಫೋಟೊ ಹೊಡೆದುಕೊಂಡು ಹೋಗಿದ್ದ. ಆಮೇಲೆ ಇತ್ತ ತಲೆ ಹಾಕಿರಲಿಲ್ಲ.

ಡಬ್ಬಿಯ ಮೇಲಿದ್ದ ವಿಳಾಸ ಹಿಡಿದು ತಾಯಿ ಮಗಳು ಭಾಲ್ಕಿ ಬಸ್ಸು ಹತ್ತಿದರು. ಊರಾಚೆ ತಗಡಿನ ಶೆಡ್ಡು. ಒಳಗೆ ಕಾಲಿಟ್ಟರೆ ಹಿಕ್ಕೆಯ ಘಾಟು ಕಣ್ಣಿಗೆ ಹತ್ತಿತು. ಸಾಲು ಸಾಲು ತಂತಿ ಪಂಜರ. ರೆಕ್ಕೆ ಬಿಚ್ಚಲು ಜಾಗವಿಲ್ಲದೆ ಕೋಳಿಗಳು ಒಂದರ ಮೈಗೆ ಒಂದು ಒತ್ತಿ ನಿಂತಿದ್ದವು. ಒಂದಕ್ಕೂ ಕೊಕ್ಕಿನ ತುದಿ ಇರಲಿಲ್ಲ, ಕತ್ತರಿಸಿದ್ದರು.

ಆಶೀಷ ಓಡಿ ಬಂದ. “ಕಾಕು, ಒಳಗ ಯಾಕ ಬಂದ್ರಿ? ಕೋಳಿಗಿ ರೋಗ ಹತ್ತತದ್ರಿ.”

“ಇವು ಯಾವ ಬಯಲಾಗ ಮೇಯ್ತಾವೋ ತಮ್ಮಾ?”

“ಲೇಬಲ್ ಮ್ಯಾಲ ಹಂಗ ಬರೀಬೇಕಾಗ್ತದ್ರಿ. ಪಂಜರದ ಫೋಟೊ ಹಾಕಿದ್ರ ಯಾರು ತಗೋತಾರ?”

“ಅದಕ್ಕ ನನ್ನ ಮಾರಿ ಮಾರಾಕ ಇಟ್ಟಿಯೇನು?”

“ನಿಮಗೇನು ಕಡಿಮಿ ಆಯ್ತ್ರಿ? ಬೀದರ ತುಂಬಾ ನಿಮ್ಮ ಗುರ್ತು ಆಗ್ಯದ.”

ಅಂಬೂಬಾಯಿಯ ಮೈ ಉರಿದುಹೋಯಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪಂಜರದ ಕೋಳಿಯೊಂದು ಮೊಂಡು ಕೊಕ್ಕಿನಿಂದ ಅವಳ ಸೆರಗು ಕುಕ್ಕಿತು. ಕಾಳು ಹೆಕ್ಕುವ ಹಾಗೆ ಮತ್ತೆ ಮತ್ತೆ ಕುಕ್ಕಿತು. ಅವಳು ಸೆರಗು ಬಿಡಿಸಿಕೊಂಡು ಹೊರಗೆ ನಡೆದಳು.

ಬಸ್ಸಿನಲ್ಲಿ ಭಕ್ತಿ ಮೆಲ್ಲಗೆ, “ಹೋಗ್ಲಿ ಬಿಡು ಅವ್ವ, ದೊಡ್ಡ ಮಂದಿ ಅವ್ರು,” ಅಂದಳು.

ಮೈಲೂರದಲ್ಲಿ ಇಳಿದವಳೇ ಅಂಬೂಬಾಯಿ ಬಾಬುಮಿಯಾನ ಕಿರಾಣಿ ಅಂಗಡಿಗೆ ನಡೆದಳು. ಕಟ್ಟೆಯ ಮೇಲೆ ಸಾಲಾಗಿ ಅವಳೇ ನಗುತ್ತಿದ್ದಳು. ಒಂದೊಂದೇ ಡಬ್ಬಿ ಎತ್ತಿ, ಫೋಟೊ ಗೋಡೆಯ ಕಡೆ ಮಾಡಿ ಇಡತೊಡಗಿದಳು.

“ಏನ್ ಮಾಡ್ಲತ್ತೀರಿ ಬಾಯಿ?” ಬಾಬುಮಿಯಾ ಗಾಬರಿಯಾಗಿ ಎದ್ದು ನಿಂತ.

“ಈಕಿನ್ನ ನಂಬಬ್ಯಾಡ್ರಿ ಭಾಯಿ,” ಅಂಬೂಬಾಯಿ ಕೈ ನಿಲ್ಲಿಸದೆ ಅಂದಳು. “ನಕ್ಕೋತ ಸುಳ್ಳು ಹೇಳ್ಲತ್ತಾಳ.”